ಬುಟ್ಟಿಯಲ್ಲಿದ್ದ ಸರಕಾರ

ಗುರುಬಸವ್ವನ ಮನೆಗೆ ಹೊಳೆಯ ನೀರು ನುಗ್ಗಿದ್ದು ಅವಳ ಗಂಡ ನಿಜಗುಣಪ್ಪ ಲಿಂಗೈಕ್ಯನಾಗಿ ವರ್ಷ ತುಂಬಿದ ದಿನ. ಶ್ರಾವಣದ ರವಿವಾರ. ಐವರು ಜಂಗಮರಿಗೂ ನಲವತ್ತು ಮಂದಿ ಬೀಗರಿಗೂ ಪ್ರಸಾದದ ಏರ್ಪಾಡಾಗಿತ್ತು. ಸಮುದ್ರದ ಕಡೆ ಎದ್ದ ಬಿರುಗಾಳಿಯಿಂದ ನಾಲ್ಕು ದಿನ ಬಿಡದೆ ಮಳೆ ಹಿಡಿದಿತ್ತು. ಬೈಲಹೊಂಗಲದ ಬೀಗರು ಅರ್ಧ ದಾರಿಯಿಂದಲೇ ತಿರುಗಿ ಹೋದರು. ಜಂಗಮರು ಮಾತ್ರ ಕೊಡೆ ಹಿಡಿದುಕೊಂಡು ಬಂದರು.

ಹೊಳೆಮಲ್ಲಾಪುರ ಮಲಪ್ರಭೆಯ ದಂಡೆಯ ಊರು. ಗುರುಬಸವ್ವನ ಮನೆ ಕೆಳಗಿನ ಓಣಿಯಲ್ಲಿ. ಹಿತ್ತಲ ಬಾಗಿಲಿನಿಂದ ಹೊಳೆಗೆ ನೂರು ಹೆಜ್ಜೆ. ಮನೆಯಲ್ಲಿ ಅವಳು, ಮಗ ಅಪ್ಪು, ಸೊಸೆ ಮಧು, ಏಳನೆಯ ತರಗತಿಯ ಮೊಮ್ಮಗಳು ಶಿವಾನಿ. ಅಪ್ಪುವಿಗೆ ಬಸ್ ನಿಲ್ದಾಣದ ಹತ್ತಿರ ಪಂಪಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಮಧು ಸರಕಾರಿ ನೌಕರಿಯವಳು. ಕಾಗದದಲ್ಲಿ ಗ್ರಾಮ ಆಡಳಿತ ಅಧಿಕಾರಿ, ಊರವರ ಬಾಯಲ್ಲಿ ಇನ್ನೂ ತಲಾಟಿ. ಅವಳಿಗೆ ಒಪ್ಪಿಸಿದ್ದು ಪಕ್ಕದ ಎರಡು ಊರು. ಹೊಳೆಮಲ್ಲಾಪುರದ ತಲಾಟಿ ವರ್ಗವಾಗಿ ಹೋಗಿ ಒಂದೂವರೆ ವರ್ಷವಾದರೂ ಬದಲಿಗೆ ಯಾರೂ ಬಾರದ್ದರಿಂದ ಈ ಊರಿನ ಹೊರೆಯೂ ಅವಳ ಮೇಲೆಯೇ ಬಿದ್ದಿತ್ತು.

ಆ ಮನೆಯಲ್ಲಿ ನಿಜಗುಣಪ್ಪ ಹಾಕಿಕೊಟ್ಟ ಒಂದು ಪದ್ಧತಿ ಇತ್ತು. ಪೂಜೆಗೂ ಪ್ರಸಾದಕ್ಕೂ ಕೂಡುವ ಮುಂಚೆ ಎಲ್ಲರ ಫೋನುಗಳ ಸದ್ದು ನಿಲ್ಲಿಸಿ, ದೇವರ ಜಗಲಿಯ ಮೇಲಿನ ಬಿದಿರಿನ ಬುಟ್ಟಿಯಲ್ಲಿಟ್ಟು ವಸ್ತ್ರ ಮುಚ್ಚಬೇಕು. “ಉಣ್ಣೂ ಮುಂದ ಶಿವಾ ಒಬ್ಬಾವ ಮಾತಾಡಬೇಕು” ಎನ್ನುತ್ತಿದ್ದ. ಅವನು ಹೋದ ಮೇಲೆ ಗುರುಬಸವ್ವ ಆ ಪದ್ಧತಿಯನ್ನು ಇನ್ನಷ್ಟು ಬಿಗಿ ಮಾಡಿದ್ದಳು.

ಅಂದು ಹನ್ನೊಂದಕ್ಕೆ ಬುಟ್ಟಿ ಬಂದಾಗ ಮಧು ಹಿಂದೆ ಮುಂದೆ ನೋಡಿದಳು.

“ಅತ್ತಿ, ಇದು ಆಫೀಸಿನ ಫೋನ್ ರೀ. ಮ್ಯಾಲ ಭಾಳ ಮಳಿ ಐತಂತ.”

“ಮಳಿ ನಾಳೆನೂ ಇರತೈತಿ. ನಿಮ್ಮ ಮಾವನ ವರ್ಷಾ ಇವತ್ತೊಂದ ದಿನಾ. ಇಡವಾ, ಒಂದ ತಾಸು ನಿಮ್ಮ ಮಾವನ ಡ್ಯೂಟಿ ಮಾಡು.”

ಮಧು ಇಟ್ಟಳು. ಪಾದೋದಕವಾಯಿತು, ಪ್ರಸಾದವಾಯಿತು. ಹಿರಿಯ ಜಂಗಮರು ನಿಜಗುಣಪ್ಪನ ಹಾಡಿನ ದನಿಯನ್ನು ನೆನೆದು ಒಂದು ಹಾಸ್ಯ ಹೇಳಿದಾಗ ಗುರುಬಸವ್ವ ನಕ್ಕುಬಿಟ್ಟಳು. ಅವಳು ನಕ್ಕದ್ದನ್ನು ಮನೆಯವರು ವರ್ಷದ ಮೇಲೆ ಅಂದೇ ನೋಡಿದ್ದು. ಹೀಗಾಗಿ ಒಂದು ತಾಸಿನ ಪ್ರಸಾದ ಎರಡು ತಾಸಾಯಿತು.

ಒಂದೂ ಹತ್ತಕ್ಕೆ ಮಧು ವಸ್ತ್ರ ಸರಿಸಿ ಫೋನು ತೆಗೆದಳು. ಹನ್ನೊಂದೂ ನಲವತ್ತಕ್ಕೆ ತಾಲ್ಲೂಕು ಕಚೇರಿಯ ಸಂದೇಶ ಬಂದು ಕುಳಿತಿತ್ತು. ಆಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ಸಂಜೆಯೊಳಗೆ ದಂಡೆಯ ಊರುಗಳಿಗೆ ಮುಟ್ಟುತ್ತದೆ, ಜನರನ್ನು ಕೂಡಲೇ ಮೇಲಕ್ಕೆ ಸಾಗಿಸಿರಿ. ಕೆಳಗೆ ಒಂಬತ್ತು ಕರೆಗಳು.

ಅವಳು ಎಂಜಲು ಕೈಯಲ್ಲೇ ಹೊರಗೆ ಓಡಿದಳು. ಊರಿನ ವಾಲೀಕಾರ ಸೋಮಪ್ಪ ಹಲಗೆ ತೆಗೆದುಕೊಂಡು ಓಣಿ ಓಣಿ ಸಾರಿದ. ಅಪ್ಪು ಟ್ರ್ಯಾಕ್ಟರು ತಂದ. ನಾಲ್ಕು ಗಂಟೆಯ ಹೊತ್ತಿಗೆ ಒಬ್ಬ ಮುದುಕಿಯನ್ನು ಬಿಟ್ಟು ಕೆಳಗಿನ ಓಣಿಯ ಇನ್ನೂರಾ ಹನ್ನೆರಡು ಮಂದಿ, ದನ, ಕರು, ಕೋಳಿ ಎಲ್ಲ ದಿಬ್ಬದ ಮೇಲಿನ ಶಾಲೆ ಸೇರಿದವು. ಐದಕ್ಕೆ ನೀರು ಬಂತು. ಒಂದು ಕರುವೂ ಸಾಯಲಿಲ್ಲ, ಅದು ಶಿವನ ಕರುಣೆ. ಆದರೆ ಜೀವ ಸಾಗಿಸುವುದರಲ್ಲಿ ಹೊತ್ತು ಮುಗಿದು ಸಾಮಾನು ಉಳಿಯಿತು. ಎಷ್ಟೋ ಮನೆಗಳ ಜೋಳದ ಚೀಲ ನೆನೆದವು. ಸೋಮಪ್ಪನ ಹೆಂಡತಿ ಕೃಷ್ಣವ್ವನ ಹೊಲಿಗೆ ಯಂತ್ರ ಕೆಸರಿನಲ್ಲಿ ಹೂತಿತು. ಗುರುಬಸವ್ವನ ಮಂಚದ ಕೆಳಗಿದ್ದ ನಿಜಗುಣಪ್ಪನ ಟ್ರಂಕು ಹಿತ್ತಲ ಬಾಗಿಲಿನಿಂದ ಹೊಳೆಗೆ ಹೋಯಿತು. ಅದರಲ್ಲಿ ಅವನ ಎರಡು ಧೋತರ, ಕನ್ನಡಕ, ಅವನು ಕೈಯಾರೆ ವಚನ ಬರೆದಿಟ್ಟುಕೊಂಡ ಎರಡು ವಹಿ ಇದ್ದವು.

ಶಾಲೆಯ ಅಡುಗೆ ಕೋಣೆಗೆ ಬೀಗ. ಕೀಲಿ ಹೆಡ್ ಮಾಸ್ತರರ ಹತ್ತಿರ; ಅವರು ಸವದತ್ತಿಯಲ್ಲಿ, ಅಳಿಯನ ಮನೆಯಲ್ಲಿ.

“ಒಡಿಲ್ಯಾ ಅಕ್ಕಾರ?” ಸೋಮಪ್ಪ ಕಲ್ಲು ಹಿಡಿದು ಕೇಳಿದ.

“ಒಡಿ ಸೋಮಣ್ಣ. ಒಡದದ್ದಕ್ಕ ನಾ ಬರದ ಕೊಡತೇನಿ” ಎಂದಳು ಮಧು.

ಒಲೆ ಹೊತ್ತಿತು. ಬೀಗರಿಲ್ಲದೆ ಉಳಿದಿದ್ದ ಇನ್ನೂರು ಹೋಳಿಗೆ, ಒಂದು ಕೊಪ್ಪರಿಗೆ ಕಟ್ಟಿನ ಸಾರು ಟ್ರ್ಯಾಕ್ಟರಿನಲ್ಲಿ ಬಂದಿದ್ದವು. ಗುರುಬಸವ್ವನೂ ಕೃಷ್ಣವ್ವನೂ ಒಂದೇ ಒಲೆಯ ಎರಡು ಕಡೆ ಕುಳಿತು ಅನ್ನ ಮಾಡಿದರು. ಎಲ್ಲರೂ ಒಂದೇ ಸಾಲಿನಲ್ಲಿ ಉಂಡರು.

“ನಿಜಗುಣಪ್ಪಣ್ಣನ ವರ್ಷಾ ಇಡೀ ಊರ ಕೂಡಿ ಮಾಡಿತು ನೋಡ್ರಿ ಅಕ್ಕಾ” ಎಂದಳು ಕೃಷ್ಣವ್ವ.

“ಅವರಿಗೆ ಮಂದಿ ಅಂದ್ರ ಬಾಳ ಸೇರತಿತ್ತವಾ. ಅದಕ ಹೊಳೀನ ಕರಕೊಂಡ ಬಂದಾರ” ಎಂದು ಗುರುಬಸವ್ವ ಕಣ್ಣೊರೆಸಿಕೊಂಡಳು, ಒಲೆಯ ಹೊಗೆಯೂ ಇತ್ತು.

ಮರುದಿನ ಮಧ್ಯಾಹ್ನ ತಾಲ್ಲೂಕು ಕಚೇರಿಯ ಜೀಪು ಬಂತು. ಇನ್ನೂರಾ ಹನ್ನೆರಡು ಮಂದಿಗೆ ಅರವತ್ತು ಪೊಟ್ಟಣ ಚಿತ್ರಾನ್ನ. ಶಾಲೆಯ ಗೋಡೆಗೆ ‘ಕಾಳಜಿ ಕೇಂದ್ರ’ ಎಂದು ಬಟ್ಟೆ ಕಟ್ಟಿದರು.

“ಮೊದಲ ಗಂಜಿ ಕೇಂದ್ರ ಅಂತಿದ್ರಲ್ಲಾ?” ಎಂದಳು ಗುರುಬಸವ್ವ.

“ಈಗ ಹಂಗ ಅನ್ನಬಾರದ್ರಿ ಅತ್ತಿ. ಕಾಳಜಿ ಕೇಂದ್ರ ಅನ್ನಬೇಕು.”

“ಹೌದ ಬಿಡು. ಗಂಜಿ ಅಂದ್ರ ಗಂಜಿ ಕೊಡಬೇಕಾಗತೈತಿ. ಕಾಳಜಿ ಆದ್ರ ಬರೇ ಬಾಯಿಲೇ ಮಾಡಬಹುದು.”

ಕೆಂಚವ್ವ ಎಂಬ ಆ ಮುದುಕಿ ತನ್ನ ಆಡು ಬಿಟ್ಟು ಬರಲೊಲ್ಲದೆ ಗುಡಿಯ ಮಾಳಿಗೆಯ ಮೇಲೆ ಉಳಿದುಬಿಟ್ಟಿದ್ದಳು. ಬೋಟು ಕೇಳಿದರೆ, ಬೋಟಿನ ಕೋಣೆಯ ಕೀಲಿಯವನು ರಜೆಯ ಮೇಲೆ ಎಂಬ ಉತ್ತರ. ಅಪ್ಪುವೂ ಸೋಮಪ್ಪನೂ ಟ್ರ್ಯಾಕ್ಟರಿನ ನಾಲ್ಕು ಟ್ಯೂಬು ಕಟ್ಟಿ ಮುದುಕಿಯನ್ನೂ ಆಡನ್ನೂ ತಂದರು. ಮೂರನೆಯ ದಿನ ನೀರು ಮೊಣಕಾಲಿಗೆ ಇಳಿದ ಮೇಲೆ ಬೋಟು ಬಂತು, ಜೊತೆಗೆ ಒಂದು ಕ್ಯಾಮೆರಾ.

“ಅಜ್ಜಿ, ಈ ಲೈಫ್ ಜಾಕೆಟ್ ಅಂಗಿ ಹಾಕ್ಕೊಂಡ ಒಂದ ಸಲ ಬೋಟಿನ್ಯಾಗ ಕುಂದರ್ರಿ. ಫೋಟೋ ಬೇಕು.”

“ಆಡಿಗೂ ಅಂಗಿ ಕೊಡತೀರೇನು? ಹಂಗಾದ್ರ ಕುಂದರತೇನಿ” ಎಂದಳು ಕೆಂಚವ್ವ. ಕೇಸರಿ ಬಣ್ಣದ ಆ ಅಂಗಿ ಹಾಕಿಕೊಂಡ ಮುದುಕಿಯ ಚಿತ್ರ ಮರುದಿನದ ಪೇಪರಿನಲ್ಲಿ ಬಂತು. ಆಡಿನದು ಬರಲಿಲ್ಲ.

ಆರನೆಯ ದಿನ ಬಿಸಿಲು ಬಿತ್ತು, ಮಳೆಗೆ ಹೊದಿಸುವ ತಾಡಪತ್ರಿಗಳೂ ಅಂದೇ ಬಂದವು. ಊರವರು ಅವುಗಳ ಮೇಲೆ ನೆನೆದ ಜೋಳ ಹರವಿದರು.

*

ಮನೆಗೆ ತಿರುಗಿ ಬಂದ ಮೇಲೆ ಎರಡು ವಾರ ಕೆಸರು ಬಳಿಯುವುದೇ ಕೆಲಸ. ಮುಂಜಾನೆ ಗುರುಬಸವ್ವ ಸಲಿಕೆ ಹಿಡಿಯುವಳು, ಅದರ ಜೊತೆಗೆ ಬಾಯಿಯೂ ಸುರುವಾಗುವುದು.

“ಸರಕಾರ ಮಲಗಿತ್ತು! ನೀರ ಬಿಡೂದು ಅವರಿಗೆ ಗೊತ್ತಿರಲಿಲ್ಲಾ? ಒಂದ ತಾಸ ಮೊದಲ ಹೇಳಿದ್ರ ನಿಮ್ಮ ಮಾವನ ಟ್ರಂಕು ನಾನ ಹೊತಗೊಂಡ ಹೋಗತಿದ್ದೆ.”

ಮಧು ತಲೆ ಬಗ್ಗಿಸಿ ಕೌದಿ ಒಗೆಯುತ್ತಿದ್ದಳು. ಒಗೆದು, ಒಣಹಾಕಿ, ರೊಟ್ಟಿ ಕಟ್ಟಿಕೊಂಡು ಮನೆ ಮನೆಯ ಹಾನಿ ಬರೆಯಲು ಹೋಗುವಳು. ಸಂಜೆ ಬರುವಾಗ ಕಾಲೆಲ್ಲ ಕೆಸರು.

“ಬಂತು ನೋಡು ಸರಕಾರ. ಕಾಲ ತೊಳಕೊಂಡ ಒಳಗ ಬಾ ಅನ್ನು” ಎಂದು ಅತ್ತೆ ಮೊಮ್ಮಗಳಿಗೆ ಹೇಳುವಳು. ಆದರೆ ಬಿಸಿನೀರು ಮಾತ್ರ ಮೊದಲೇ ಕಾಯಿಸಿಟ್ಟಿರುತ್ತಿದ್ದಳು.

ಅಪ್ಪುವಿಗೆ ಪುರಸೊತ್ತೇ ಇಲ್ಲ. ದಂಡೆಯ ಮೋಟಾರುಗಳೆಲ್ಲ ನೀರು ಕುಡಿದು ಅವನ ಅಂಗಡಿಗೆ ಬಂದಿದ್ದವು. ಊಟಕ್ಕೆ ಕೂತಾಗ ಅವನು ಸರಕಾರದ ಪರ ವಹಿಸಿ ತಾಯಿಯನ್ನು ಕೆಣಕುವನು.

“ಅವ್ವಾ, ಹಿಂದಿನ ಮಹಾಪೂರ ಆದಾಗ ಸರಕಾರ ದಿಬ್ಬದ ಮ್ಯಾಲ ಮನಿ ಕೊಟ್ಟಿತ್ತಿಲ್ಲ? ಅದರಾಗ ನಾವೇನ ಇಟ್ಟೇವಿ? ಕಣಕಿ. ಎಮ್ಮಿ ಮೇವು ಒಣಗಿ ಕುಂತೈತಿ, ನಾವು ತೊಯ್ಕೊಂಡ ಕುಂತೇವಿ.”

“ಆ ಮನಿಗೆ ನೀರಿನ ನಳಾ ಐತೇನೋ? ಬಾಗಲಾ ಹಾಕಿದ್ರ ತೆಗ್ಯಾಕ ಬರೂದಿಲ್ಲ. ನಿಮ್ಮಪ್ಪಗ ಅಲ್ಲಿ ಕಾಲ ಚಾಚಾಕ ಜಾಗಾ ಇರಲಿಲ್ಲ.”

“ಅದೂ ಸರಕಾರದ ತಪ್ಪ?”

“ಮತ್ತ ನಿಮ್ಮಪ್ಪನ ಕಾಲಿಂದೇನು?”

ಶಿವಾನಿ ಲಟ್ಟಣಿಗೆ ಹಿಡಿದು ಟಿವಿಯವರಂತೆ ನಡುವೆ ನಿಲ್ಲುವಳು. “ವೀಕ್ಷಕರೇ, ಇವತ್ತಿನ ಚರ್ಚೆ: ಈ ಮಹಾಪೂರಕ್ಕೆ ಹೊಣೆ ಯಾರು? ನಮ್ಮ ಜೊತಿ ಸರಕಾರದ ಪ್ರತಿನಿಧಿ ಅದಾರ. ಮೇಡಂ, ನೀವ ಏನ ಹೇಳತೀರಿ?”

“ಸರಕಾರದ ಪ್ರತಿನಿಧಿಗೆ ಇನ್ನೊಂದ ರೊಟ್ಟಿ ಬೇಕು” ಎಂದು ಮಧು ತಾಟು ಮುಂದೆ ಮಾಡುವಳು.

ಎಲ್ಲರೂ ನಗುವರು. ಗುರುಬಸವ್ವನೂ ರೊಟ್ಟಿ ಹಾಕಿ, ಮೇಲೆ ಬೆಣ್ಣೆಯನ್ನೂ ಹಾಕಿ, “ತಿನ್ನು. ಬೈಸ್ಕೊಳ್ಳಾಕೂ ಶಕ್ತಿ ಬೇಕು” ಎನ್ನುವಳು.

*

ಮೂರನೆಯ ವಾರ ಸೋಮಪ್ಪ ಒಂದು ಕಂದು ಲಕೋಟೆ ತಂದ. ಮುಖ ಸಣ್ಣದಾಗಿತ್ತು.

“ಅಕ್ಕಾರ ಹೆಸರಿಗೆ ಐತ್ರಿ. ಕೈಯಾಗ ಕೊಟ್ಟು ಸಹಿ ತಗೊಂಬಾ ಅಂದಾರ.”

ಮಧು ಹಿತ್ತಲಲ್ಲಿ ಎಮ್ಮೆ ಹಿಂಡುತ್ತಿದ್ದಳು. ಅಪ್ಪು ಒಡೆದು ಗಟ್ಟಿಯಾಗಿ ಓದಿದ. ಹನ್ನೊಂದೂ ನಲವತ್ತಕ್ಕೆ ಕಳಿಸಿದ ಮುನ್ನೆಚ್ಚರಿಕೆಯ ಸಂದೇಶವನ್ನು ಒಂದೂ ಹತ್ತರವರೆಗೆ ನೋಡದೆ ಇದ್ದು, ಒಂಬತ್ತು ಕರೆಗಳನ್ನು ಸ್ವೀಕರಿಸದೆ, ಅದರಿಂದ ಸಾರ್ವಜನಿಕರ ಆಸ್ತಿ ಹಾನಿಯಾದ ಬಗ್ಗೆ ಏಳು ದಿನದೊಳಗೆ ಲಿಖಿತ ಉತ್ತರ ಕೊಡತಕ್ಕದ್ದು. ತಪ್ಪಿದಲ್ಲಿ ಅಮಾನತು ಮಾಡಲಾಗುವುದು.

ಓದುತ್ತ ಓದುತ್ತ ಅಪ್ಪುವಿನ ದನಿ ಇಳಿಯಿತು. ಗುರುಬಸವ್ವ ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು.

“ಹನ್ನೊಂದೂ ನಲವತ್ತಕ್ಕ ನಾವು ಏನ ಮಾಡತಿದ್ದಿವಿ?” ಎಂದು ಕೇಳಿದಳು.

ಮಧು ಹಾಲಿನ ಚೆರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ನಿನಗ ಅವತ್ತ ಗೊತ್ತಾತಲಾ ಮಧು? ಮೂರ ವಾರ ನಾ ಸರಕಾರ ಮಲಗಿತ್ತು, ಸರಕಾರ ಮಲಗಿತ್ತು ಅಂತ ಬಾಯಿ ಮಾಡೇನಿ. ಸರಕಾರ ನನ್ನ ಬುಟ್ಟ್ಯಾಗ ಇತ್ತು. ವಸ್ತ್ರಾ ಮುಚ್ಚಿದಾಕಿ ನಾನು. ಒಂದ ಮಾತ ಯಾಕ ಹೇಳಲಿಲ್ಲ?”

“ಹೇಳಿದ್ರ ಮಾವನವರ ವರ್ಷಾ ನೆನಪಾದಾಗೆಲ್ಲ ನಿಮಗ ಇದ ನೆನಪ ಆಗತಿತ್ರಿ. ಅವತ್ತ ನೀವು ನಕ್ಕಿದ್ರಿ.”

ಗುರುಬಸವ್ವ ಅಕ್ಕಿಯ ಮೊರ ಪಕ್ಕಕ್ಕಿಟ್ಟಳು. “ಹಂಗಾದ್ರ ಟ್ರಂಕು ಹೋದದ್ದೂ ನನ್ನಿಂದನ” ಎಂದಳು. ಆಮೇಲೆ ಎದ್ದು ಹಾಲು ಕಾಯಲು ಇಟ್ಟಳು.

ಅಂದಿನ ಊಟದಲ್ಲಿ ಲಟ್ಟಣಿಗೆ ಹೊರಬರಲಿಲ್ಲ. ಅಪ್ಪುವೇ ದಾರಿ ಹುಡುಕಿದ.

“ನೆಟ್ವರ್ಕ್ ಇರಲಿಲ್ಲ ಅಂತ ಬರದ ಬಿಡು. ನಮ್ಮೂರಾಗ ನೆಟ್ವರ್ಕ್ ಇಲ್ಲಂದ್ರ ದೇವರೂ ನಂಬತಾನ.”

“ಶಿವಪ್ರಸಾದ ಮಾಡಿದ ಹೊತ್ತಿಗೆ ಸುಳ್ಳಿನ ಮುದ್ರಿ ಹೊಡಿಯೂದ ಬ್ಯಾಡ” ಎಂದಳು ಗುರುಬಸವ್ವ.

“ಅವ್ವಾ, ನೌಕರಿ ಹೋಗತೈತಿ. ಅದು ಖರೇನ ಐತಲಾ?”

“ನಾ ಬಂದು ಹೇಳತೇನಿ.”

“ನೀವು ಹೇಳಿದ್ರ ನನಗ ಇನ್ನೂ ತ್ರಾಸರಿ ಅತ್ತಿ” ಎಂದಳು ಮಧು. “ಮನ್ಯಾಗಿನವರ ಮಾತ ಕೇಳಿ ಡ್ಯೂಟಿ ಬಿಟ್ಳು ಅಂತ ಬರಕೋತಾರ. ತಪ್ಪ ನಂದ ಅಂತ ಒಪ್ಪಿ ಬರದ ಕೊಡತೇನಿ. ಏನ ಆಗತೈತೋ ಆಗಲಿ.”

ಈ ನಡುವೆ ಶಿವಾನಿ ತಾಯಿಯ ಫೋನಿನಲ್ಲಿ ಆ ಸಂದೇಶ ತೆಗೆದು ನೋಡುತ್ತಿದ್ದಳು. ಸಂದೇಶದ ಜೊತೆ ಆಣೆಕಟ್ಟಿನವರ ಪತ್ರದ ಚಿತ್ರವೂ ಇತ್ತು.

“ಆಯಿ, ಇಲ್ಲಿ ಮೂಲ್ಯಾಗ ಒಂದ ರಬ್ಬರ ಶಿಕ್ಕಾ ಹೊಡದಾರ ನೋಡು. ‘ಆವಕ, ಬೆಳಿಗ್ಗೆ 8.50’ ಅಂತ ಐತಿ. ಆವಕ ಅಂದ್ರೇನು?” ಎಂದು ಅಜ್ಜಿಗೆ ತೋರಿಸಿ ಕೇಳಿದಳು.

“ಪತ್ರ ತಾಲ್ಲೂಕು ಕಚೇರಿಗೆ ಬಂದು ಮುಟ್ಟಿದ ಹೊತ್ತು” ಎಂದಳು ಮಧು.

ಗುರುಬಸವ್ವ ತುತ್ತು ಕೆಳಗಿಟ್ಟಳು. “ಎಂಟೂ ಐವತ್ತಕ್ಕ ಅಲ್ಲಿ ಬಂತು. ಹನ್ನೊಂದೂ ನಲವತ್ತಕ್ಕ ನಮ್ಮ ಕಡೆ ಬಂತು. ನಡುವ ಅದು ಎಲ್ಲಿತ್ತು?”

“ಅದನ್ನ ನಾ ಕೇಳಾಕ ಬರಂಗಿಲ್ರಿ. ಅವರು ನನ್ನ ಮ್ಯಾಲಿನವರು.”

“ನೀ ಕೇಳಬ್ಯಾಡ. ನನಗೇನ ಅವರು ಮ್ಯಾಲಿನವರಲ್ಲ” ಎಂದು ಗುರುಬಸವ್ವ ತುತ್ತು ಮತ್ತೆ ಎತ್ತಿಕೊಂಡಳು. “ಇನ್ನೊಂದೀಟ ಸಾರ ಹಾಕು.”

*

ಮುಂದಿನ ಮಂಗಳವಾರ ಶಾಲೆಯ ಬಯಲಲ್ಲಿ ಅಹವಾಲು ಸಭೆ. ತಾಲ್ಲೂಕಿನ ಹಿರಿಯ ಅಧಿಕಾರಿಗಳೇ ಬಂದರು. ನಲವತ್ತು ವಯಸ್ಸಿನ, ಕನ್ನಡಕದ ಸಾಹೇಬರು. ಬಿಸಿಲಿಗೆ ಶಾಮಿಯಾನ, ಮೇಜಿನ ಮೇಲೆ ನೀರಿನ ಬಾಟಲಿ. ಪಕ್ಕದಲ್ಲಿ ಮಧು, ಬರೆದುಕೊಳ್ಳಲು. ಉತ್ತರದ ಏಳು ದಿನ ಮರುದಿನಕ್ಕೆ ಮುಗಿಯುತ್ತಿತ್ತು. ತಪ್ಪೊಪ್ಪಿಗೆಯ ಕಾಗದ ಅವಳ ಚೀಲದಲ್ಲಿತ್ತು.

ಮೊದಲು ಎದ್ದವನು ಪಂಚಾಯ್ತಿ ಸದಸ್ಯ ಹಣಮಂತಪ್ಪ.

“ಸಾಹೇಬರ, ತಲಾಟಿ ಅಕ್ಕಾರು ತಡಾ ಮಾಡಿದ್ದಕ್ಕ ಊರ ಮುಳಗಿತು. ನಮಗ ಗೊತ್ತಾಗೈತಿ. ಅವರಿಗೆ ಶಿಕ್ಷಾ ಆದ್ರ ನಮಗ ನ್ಯಾಯ ಸಿಕ್ಕಂಗ.”

“ಅವರಿಗೆ ಈಗಾಗಲೇ ನೋಟಿಸು ಕೊಟ್ಟಿದ್ದೇವೆ. ಕ್ರಮ ಆಗುತ್ತದೆ” ಎಂದರು ಸಾಹೇಬರು. ಬಯಲಿನಲ್ಲಿ ಗುಜುಗುಜು ಎದ್ದಿತು.

“ಬೀಗಾ ಒಡಸಿ ಅನ್ನಾ ಹಾಕಿದಾಕಿಗೆ ಶಿಕ್ಷಾ? ಅರವತ್ತ ಪೊಟ್ಣಾ ಕಳಿಸಿದವರಿಗೆ ಕುರ್ಚಿ?” ಎಂದು ಕೃಷ್ಣವ್ವ ಹಿಂದಿನಿಂದ ಕೂಗಿದಳು.

ಗುರುಬಸವ್ವ ಎದ್ದು ಸೆರಗು ಸರಿಮಾಡಿಕೊಂಡು ಮೇಜಿನ ಮುಂದೆ ಬಂದಳು. ಮಧು ಪೆನ್ನು ಕೆಳಗಿಟ್ಟಳು.

“ಶರಣ್ರಿ ಸಾಹೇಬರ. ನಾ ಗುರುಬಸವ್ವ. ಈ ತಲಾಟಿ ನನ್ನ ಸೊಸಿ. ಸೊಸಿ ಪರವಾಗಿ ಹೇಳಾಕ ಬಂದಿಲ್ಲ, ನನ್ನ ತಪ್ಪ ಹೇಳಾಕ ಬಂದೇನಿ.”

“ಹೇಳಿ ಅಮ್ಮಾ.”

“ಅವತ್ತ ನನ್ನ ಮಾಲಕರ ವರ್ಷಾ. ನಮ್ಮ ಮನ್ಯಾಗ ಪ್ರಸಾದಕ್ಕ ಕುಂದರೂ ಮುಂದ ಫೋನ ಬುಟ್ಟ್ಯಾಗ ಇಡೂ ಪದ್ಧತಿ ಐತಿ. ಈಕಿ ಆಫೀಸಿನ ಫೋನ ಅಂತ ಹೇಳಿದ್ಳು. ನಾ ಕೇಳಲಿಲ್ಲ, ಇಡಸಿದೆ. ಹನ್ನೊಂದೂ ನಲವತ್ತರಿಂದ ಒಂದೂ ಹತ್ತರ ತನಕ ನಿಮ್ಮ ಮಾತು ನನ್ನ ಬುಟ್ಟ್ಯಾಗ ಇತ್ತು. ಒಂದೂವರಿ ತಾಸು. ಆ ಒಂದೂವರಿ ತಾಸಿನ್ಯಾಗ ಈ ಕೃಷ್ಣವ್ವನ ಮಿಷೀನ್ ಉಳೀತಿತ್ತು, ಮಂದೀ ಜ್ವಾಳಾ ಉಳೀತಿತ್ತು. ಕೃಷ್ಣವ್ವಾ, ತಪ್ಪ ಆತವಾ.”

ಕೃಷ್ಣವ್ವ ಮೂಗು ಒರೆಸಿಕೊಂಡು, “ಮಿಷೀನ್ ನಿಮ್ಮ ಮಗಾ ರಿಪೇರಿ ಮಾಡಿ ಕೊಟ್ಟಾನ ಬಿಡ್ರಿ ಅಕ್ಕಾ. ಮೊದಲಿಗಿಂತ ಜೋರ ಓಡಾಕತ್ತೈತಿ” ಎಂದಳು. ನಗೆ ಎದ್ದಿತು.

“ನೀವು ಹೇಳಿದ್ದು ದೊಡ್ಡ ಮಾತು ಅಮ್ಮಾ” ಎಂದರು ಸಾಹೇಬರು. “ಆದರೆ ನಿಯಮ...”

“ಇನ್ನೂ ಮುಗದಿಲ್ರಿ. ಇದು ನನ್ನ ಪಾಲು.” ಅವಳು ಸೊಂಟದಿಂದ ಒಂದು ಮಡಿಸಿದ ಕಾಗದ ತೆಗೆದಳು. ಶಿವಾನಿ ಆ ಪತ್ರದ ಚಿತ್ರವನ್ನು ಅಂಗಡಿಯಲ್ಲಿ ಅಚ್ಚು ಹಾಕಿಸಿಕೊಟ್ಟಿದ್ದಳು. “ಇದು ನಿಮ್ಮ ಆಫೀಸಿನ ಶಿಕ್ಕಾ ಹೌದಲ್ರಿ? ಎಂಟೂ ಐವತ್ತು. ನಿಮ್ಮಿಂದ ನಮ್ಮ ಕಡೆ ಬಂದದ್ದು ಹನ್ನೊಂದೂ ನಲವತ್ತು. ನಾ ಅಂದ್ರ ಬುಟ್ಟ್ಯಾಗ ಇಟ್ಟಿದ್ದೆ ಸಾಹೇಬರ. ನೀವು ಎಲ್ಲಿ ಇಟ್ಟಿದ್ರಿ?”

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಬಯಲಿಗೆ ಬಯಲೇ ಒಂದು ದನಿ ಮಾಡಿತು. ಹಣಮಂತಪ್ಪ ಮೆಲ್ಲಗೆ ಕುಳಿತ. ಅತ್ತೆ ತನ್ನ ನೌಕರಿಯ ಜೊತೆ ತನ್ನ ಮುಂದಿನ ಹತ್ತು ವರ್ಷವನ್ನೂ ಹೊಳೆಗೆ ಹಾಕಿದಳು ಎಂದು ಮಧು ಅಂದುಕೊಂಡಳು.

ಸಾಹೇಬರು ಕಾಗದ ತಿರುಗಿಸಿ ನೋಡಿದರು. ಪಕ್ಕದ ಗುಮಾಸ್ತ ಕಿವಿಯಲ್ಲಿ ಏನೋ ಹೇಳಹೋದ. ಅವರು ಕೈಯಿಂದ ತಡೆದರು.

“ಸಭೆಯಲ್ಲಿದ್ದೆವು” ಎಂದರು.

“ಯಾವ ಸಭಾರಿ?”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಪ್ರವಾಹ ಪೂರ್ವಸಿದ್ಧತಾ ಸಭೆ. ಮೇಲಿನವರು ತೆಗೆದುಕೊಂಡಿದ್ದರು. ಫೋನು ಹೊರಗೆ ಇಟ್ಟು ಬರಲು ಹೇಳಿದ್ದರು. ಪತ್ರ ನನ್ನ ಮೇಜಿನ ಮೇಲೆ ಇತ್ತು.”

ಈ ಸಲ ಶಾಮಿಯಾನದ ಕಂಬಗಳೂ ಅಲುಗಿದವೆಂಬಂತೆ ನಕ್ಕರು. ಕೆಂಚವ್ವನಿಗೆ ಕಿವಿ ಮಂದ. ಸೋಮಪ್ಪ ಕೂಗಿ ತಿಳಿಸಿ ಹೇಳಿದ ಮೇಲೆ ಅವಳು ಎಲ್ಲರಿಗಿಂತ ತಡವಾಗಿ, ಎಲ್ಲರಿಗಿಂತ ಹೆಚ್ಚು ನಕ್ಕಳು. ಸಾಹೇಬರಿಗೂ ತಡೆಯಲಾಗಲಿಲ್ಲ.

ನಗೆ ಇಳಿದ ಮೇಲೆ ಗುರುಬಸವ್ವ ಹೇಳಿದಳು: “ನಗೂದ ಆತು. ಈಗ ಬರಕೋಳೂದ ಆಗಲಿ. ಬಾಯಿಮಾತು ಆಫೀಸಿನ್ಯಾಗ ನಡಿಯೂದಿಲ್ಲ ಅಂತ ನನ್ನ ಸೊಸಿ ಹೇಳ್ಯಾಳ. ಮಧು, ಬರಿ. ಹೊಣಿಗಾರರು. ಒಂದನೇ ನಂಬರ ನನ್ನ ಹೆಸರ ಹಾಕು.”

“ಅತ್ತಿ, ಅರ್ಜಿ ಕೊಡೂವರ ಹೆಸರು ಹೊಣಿಗಾರರಾಗ ಹಾಕಾಕ ಬರೂದಿಲ್ರಿ.”

“ಬರೂವಂಗ ಮಾಡು. ತನ್ನ ಹೆಸರ ಬಿಟ್ಟ ಬರಿಯೂದಕ್ಕ ಅಲ್ಲಾ ಮಂದಿ ನಂಬದಂಗ ಆಗಿದ್ದು?”

“ಬರೀರಿ” ಎಂದರು ಸಾಹೇಬರು.

ಮಧು ಬರೆದಳು. ಹನ್ನೊಂದೂ ನಲವತ್ತರಿಂದ ಒಂದೂ ಹತ್ತು, ಮನೆಯಲ್ಲಿ ಫೋನು ಇಡಿಸಿದ್ದು, ಗುರುಬಸವ್ವ. ತಾನು ಇಟ್ಟದ್ದನ್ನೂ ಸೇರಿಸಿ ಕೆಳಗೆ ತನ್ನ ಹೆಸರು ಹಾಕಿದಳು. ಅತ್ತೆ ಬೇಡವೆನ್ನಹೋದರೆ, “ನಿಮ್ಮ ಪಾಲ ನೀವ ತಗೊಂಡ್ರಿ, ನನ್ನ ಪಾಲ ನನಗ ಇರಲಿ” ಎಂದಳು. ಬೋಟಿನ ಕೀಲಿ. ಅರವತ್ತು ಪೊಟ್ಟಣ. ಬಿಸಿಲಿಗೆ ಬಂದ ತಾಡಪತ್ರಿ. ಒಂದೂವರೆ ವರ್ಷದಿಂದ ಖಾಲಿ ಇರುವ ತಲಾಟಿಯ ಜಾಗ. ದಿಬ್ಬದ ಮನೆಗಳಿಗೆ ಬಾರದ ನಳ. ಅದರ ಕೆಳಗೆ, ಆ ಮನೆಗಳಲ್ಲಿ ಕಣಕಿ ಒಟ್ಟಿದ ಊರವರು ಎಂದು ಬರೆಯಬೇಕೆಂದು ಅಪ್ಪು ಹಿಂದಿನಿಂದ ಕೂಗಿದ. ಅದಕ್ಕೂ ಹೂಂ ಅಂದರು.

ಗುರುಬಸವ್ವ ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ಬರೆದು ಪೆನ್ನನ್ನೂ ಕಾಗದವನ್ನೂ ಸಾಹೇಬರ ಮುಂದೆ ಸರಿಸಿದಳು.

“ಎಂಟೂ ಐವತ್ತರಿಂದ ಹನ್ನೊಂದೂ ನಲವತ್ತು. ಈ ಸಾಲ ಖಾಲಿ ಬಿಡಿಸೇನಿ. ಇದು ನಿಮ್ಮದು.”

ಗುಮಾಸ್ತ, “ಸರ್, ಬೇಡ ಸರ್” ಎಂದ. ಸಾಹೇಬರು ಪೆನ್ನು ತೆಗೆದುಕೊಂಡರು. ಸಾಹೇಬರು ಆ ಸಾಲಿನಲ್ಲಿ ಒಂದು ಅಂಕಿ ಹೊಡೆದುಹಾಕಿ ಬೇರೆ ಬರೆದರು.

“ಎಂಟೂ ಐವತ್ತಕ್ಕೆ ಶಿಕ್ಕೆ ಬಿದ್ದದ್ದು ಅಮ್ಮಾ. ಹೊರಗಿಟ್ಟ ನನ್ನ ಫೋನಿಗೆ ಸುದ್ದಿ ಬಂದು ಬಿದ್ದದ್ದು ಎಂಟೂ ನಲವತ್ತಕ್ಕೆ” ಎಂದು ಸಹಿ ಮಾಡಿದರು.

ಆಮೇಲೆ ಮಧುವಿನ ಕಡೆ ತಿರುಗಿ, “ಮೇಡಂ, ನಿಮ್ಮ ನೋಟಿಸಿಗೆ ಬೇರೆ ಉತ್ತರ ಬೇಡ. ಈ ಕಾಗದವೇ ಉತ್ತರ. ನಿಮ್ಮ ಫೈಲು ಇಲ್ಲಿಗೆ ಮುಚ್ಚುತ್ತದೆ” ಎಂದರು. ಒಂದು ಕ್ಷಣ ತಡೆದು, “ನನ್ನದು ತೆರೆಯುತ್ತದೆ” ಎಂದು ನಕ್ಕರು.

ಸಭೆ ಮುಗಿದು ಅತ್ತೆ ಸೊಸೆ ದಿಬ್ಬ ಇಳಿದರು. ಅರ್ಧ ದಾರಿಯಲ್ಲಿ ಮಧು ನಿಂತಳು. ಚೀಲದಲ್ಲಿದ್ದ ತಪ್ಪೊಪ್ಪಿಗೆಯ ಕಾಗದ ತೆಗೆದು ಹರಿದು, ಚೂರುಗಳನ್ನು ಮತ್ತೆ ಚೀಲಕ್ಕೇ ಹಾಕಿದಳು.

“ಅತ್ತಿ, ಸಾಹೇಬರು ಸಿಟ್ಟಾಗಿ ಎದ್ದ ಹೋಗಿದ್ರ ಏನ ಮಾಡತಿದ್ರಿ?”

“ನೀ ನಾಳೆ ಮನ್ಯಾಗ ಇರತಿದ್ದಿ, ರೊಟ್ಟಿ ಮಾಡೂದು ನನಗ ತಪ್ಪತಿತ್ತು” ಎಂದಳು ಗುರುಬಸವ್ವ. ನಾಲ್ಕು ಹೆಜ್ಜೆ ನಡೆದು ನಿಂತಳು. “ಮನಷ್ಯಾ ಚಲೋ ಅದಾನ. ನಾ ಬಿಟ್ಟ ಹತ್ತ ಮಿನಿಟ ಅಂವಾನ ಹಚ್ಚಿಕೊಂಡ.”

ಕೆಳಗಿನ ಓಣಿಯಲ್ಲಿ ಕೃಷ್ಣವ್ವನ ಯಂತ್ರದ ಸದ್ದು ಆಗಲೇ ಸುರುವಾಗಿತ್ತು. ಗುರುಬಸವ್ವ ಸೊಸೆಯ ಕೈ ಹಿಡಿದುಕೊಂಡು ಕೆಸರಿನ ಜಾಗ ದಾಟಿದಳು. ದಾಟಿದ ಮೇಲೆಯೂ ಬಿಡಲಿಲ್ಲ.